ಸ್ಟೇಜ್ ಫೋಟೋದ ಪರವಾಗಿ

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಸಲ ಬಿಚ್ಚಿ ನೋಡಿದ ಪುಸ್ತಕ ಯಾವುದು ಎಂದು ಕೇಳಿದರೆ, ಬಹಳಷ್ಟು ಮನೆಗಳಲ್ಲಿ ಉತ್ತರ ಒಂದೇ: ಮದುವೆಯ ಆಲ್ಬಮ್. ಅದಕ್ಕೆ ಲೇಖಕನಿದ್ದಾನೆ, ಸಂಪಾದಕನಿದ್ದಾನೆ, ಮುದ್ರಕನಿದ್ದಾನೆ. ಓದುಗರು ಮೂರು ತಲೆಮಾರಿನವರು. ಇಲ್ಲದವನೆಂದರೆ ವಿಮರ್ಶಕ ಮಾತ್ರ. ಒಂದು ಸಣ್ಣ ಕವನ ಸಂಕಲನ ಬಂದರೂ ಯಾರಾದರೂ ಎರಡು ಪುಟ ಬರೆಯುತ್ತಾರೆ. ಲಕ್ಷಾಂತರ ರೂಪಾಯಿ ಖರ್ಚಾಗಿ, ಮೂರು ಕಿಲೋ ತೂಗುವ ಈ ಪುಸ್ತಕಕ್ಕೆ ಸಿಗುವುದು 'ಚೆನ್ನಾಗಿ ಬಂದಿದೆ' ಅಥವಾ 'ಇದರಲ್ಲಿ ನಾನು ದಪ್ಪ ಕಾಣ್ತೀನಿ' ಎಂಬ ಎರಡೇ ಅಭಿಪ್ರಾಯ.

ನಾನು ಮಾರತ್ತಹಳ್ಳಿಯಲ್ಲಿ ಮದುವೆ ಫೋಟೋಗ್ರಾಫರ್. ಇಲ್ಲಿ ಈ ಕಸುಬಿಗೆ ಕೊರತೆಯಿಲ್ಲ. ಒಂದು ಕಾಲಕ್ಕೆ ವಿಮಾನ ಕಾರ್ಖಾನೆಯ ಆಚೆಗಿನ ಹಳ್ಳಿಯಾಗಿದ್ದ ಜಾಗ ಇದು. ಎಚ್‌ಎಎಲ್ ಕಟ್ಟಿದ, 1961ರಲ್ಲಿ ಮೊದಲು ಹಾರಿದ 'ಮಾರುತ್' ಯುದ್ಧವಿಮಾನದಿಂದಲೇ ಊರಿಗೆ ಹೆಸರು ಬಂತು ಎಂದು ಹೇಳುವವರೂ ಇದ್ದಾರೆ. ಈಗ ಹೊರವರ್ತುಲ ರಸ್ತೆಯ ಎರಡೂ ಬದಿಗೆ ಐಟಿ ಕಂಪನಿ, ಪಿಜಿ, ಬ್ರ್ಯಾಂಡ್ ಬಟ್ಟೆಯ ಫ್ಯಾಕ್ಟರಿ ಔಟ್‌ಲೆಟ್. ಮುನ್ನೇಕೊಳಲು, ಕುಂದಲಹಳ್ಳಿ, ಬೆಳ್ಳಂದೂರು, ವೈಟ್‌ಫೀಲ್ಡ್ ಎಂದು ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಮದುವೆ ವಯಸ್ಸಿನವರೇ ತುಂಬಿದ್ದಾರೆ. ಹುಡುಗ ದಾವಣಗೆರೆ, ಹುಡುಗಿ ಗುಂಟೂರು. ಹುಡುಗಿ ಶಿರಸಿ, ಹುಡುಗ ರಾಂಚಿ. ಮುಹೂರ್ತ ಒಬ್ಬರ ಊರಲ್ಲಿ, ರಿಸೆಪ್ಷನ್ ಇಲ್ಲಿ. ಇಂಥ ಮದುವೆಗಳ ನಡುವೆ ನಿಂತು ನನಗೆ ಹುಟ್ಟಿದ ಒಂದು ವಾದವನ್ನು ಇಲ್ಲಿ ಇಡುತ್ತಿದ್ದೇನೆ. ವಾದ ಹಳೇ ಕಾಲದ್ದೆನಿಸಬಹುದು, ಆದರೆ ನಾನು ಹಳೇ ಕಾಲದವನಲ್ಲ.

ನಮ್ಮ ಕಸುಬಿನಲ್ಲಿ ಎರಡು ಜಾತಿ. ಒಂದು 'ಟ್ರೆಡಿಷನಲ್', ಇನ್ನೊಂದು 'ಕ್ಯಾಂಡಿಡ್'. ಕೊಟೇಶನ್ ಬರೆಯುವಾಗ ಎರಡಕ್ಕೂ ಬೇರೆ ಬೇರೆ ಸಾಲು, ಬೇರೆ ಬೇರೆ ದರ. ಟ್ರೆಡಿಷನಲ್ ಎಂದರೆ ವೇದಿಕೆಯ ಮುಂದೆ ಲೈಟು ಕಟ್ಟಿಕೊಂಡು ನಿಂತು, ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ, 'ಸಾರ್, ಇಲ್ಲಿ ನೋಡಿ' ಎನ್ನುವವನು. ಕ್ಯಾಂಡಿಡ್ ಎಂದರೆ ಕಂಬದ ಮರೆಯಿಂದ, ಮೆಟ್ಟಿಲ ಮೇಲಿಂದ, ಯಾರೂ ನೋಡದಿರುವಾಗ ಕ್ಲಿಕ್ಕಿಸುವವನು. ಮೊದಲನೆಯವನಿಗೆ ಕಡಿಮೆ ಹಣ, ಎರಡನೆಯವನಿಗೆ ಹೆಚ್ಚು. ಮೊದಲನೆಯವನನ್ನು 'ಫೋಟೋದವನು' ಎನ್ನುತ್ತಾರೆ, ಎರಡನೆಯವನನ್ನು 'ಆರ್ಟಿಸ್ಟ್' ಎನ್ನುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ, ಈಗಲೂ ಮಾಡುತ್ತೇನೆ. ಈ ಶ್ರೇಣಿಯನ್ನು ಯಾರೂ ಪ್ರಶ್ನಿಸಿದ್ದನ್ನು ನಾನು ಕಂಡಿಲ್ಲ. ಪ್ರಶ್ನಿಸಬೇಕು ಎಂಬುದೇ ಈ ಬರಹದ ಉದ್ದೇಶ.

ಮೊದಲು ಸ್ಟೇಜ್ ಫೋಟೋವನ್ನೇ ಓದೋಣ. ಅದರಲ್ಲಿ ವಧೂವರರು ನಡುವೆ. ಎಡಕ್ಕೊಂದಿಷ್ಟು ಜನ, ಬಲಕ್ಕೊಂದಿಷ್ಟು ಜನ. ಎಲ್ಲರೂ ನೆಟ್ಟಗೆ ನಿಂತು ಕ್ಯಾಮೆರಾವನ್ನೇ ನೋಡುತ್ತಿದ್ದಾರೆ. ಒಬ್ಬರ ಕೈಯಲ್ಲಿ ಕವರ್, ಇನ್ನೊಬ್ಬರ ಕಂಕುಳಲ್ಲಿ ನಿದ್ದೆ ಹೋದ ಮಗು. ಬೆಳಕು ಎರಡೂ ಬದಿಯಿಂದ ಸಮನಾಗಿ ಬೀಳುವುದರಿಂದ ಯಾರ ಮುಖದ ಮೇಲೂ ನೆರಳಿಲ್ಲ. ಎಫ್ 8ರ ಹತ್ತಿರ ಇಟ್ಟು ತೆಗೆಯುವುದರಿಂದ ಮುಂದಿನ ಸಾಲಿನ ಮಗುವಿನಿಂದ ಹಿಂದಿನ ಸಾಲಿನ ಚಿಕ್ಕಪ್ಪನವರೆಗೆ ಎಲ್ಲರೂ ಸ್ಪಷ್ಟ. ಇದನ್ನು ಬೋರ್ ಎನ್ನುತ್ತೇವೆ, ಮುನ್ನೂರು ಫೋಟೋವೂ ಒಂದೇ ಥರ ಎನ್ನುತ್ತೇವೆ. ನಿಜ. ಗ್ರಾಮದ ಲೆಕ್ಕಪತ್ರದ ಪುಟಗಳೂ ಒಂದೇ ಥರ ಇರುತ್ತವೆ. ಸ್ಟೇಜ್ ಫೋಟೋ ಇರುವುದು ಸೊಗಸಿಗಲ್ಲ, ದಾಖಲೆಗೆ. 'ನಾನು ಬಂದಿದ್ದೆ' ಎಂದು ಒಬ್ಬ ಮನುಷ್ಯ ಹಾಕುವ ಸಹಿ ಅದು. ತುರುವೇಕೆರೆಯಿಂದ ಬೆಳಗಿನ ಜಾವದ ಬಸ್ಸು ಹಿಡಿದು ಬಂದ ಅತ್ತೆಗೂ, ಕಂಪನಿಯ ಉಪಾಧ್ಯಕ್ಷನಿಗೂ ಅಲ್ಲಿ ಸಿಗುವುದು ಒಂದೇ ಅಳತೆಯ ಜಾಗ, ಒಂದೇ ಬೆಳಕು, ಒಂದೇ ಹತ್ತು ಸೆಕೆಂಡು.

ಈಗ ಕ್ಯಾಂಡಿಡ್ ಚಿತ್ರ. 85 ಎಂಎಂ ಲೆನ್ಸ್, ಎಫ್ 1.4. ವಧುವಿನ ಕಣ್ಣಂಚು ಸ್ಪಷ್ಟ, ಕಿವಿಯ ಜುಮುಕಿಗೆ ಬರುವಷ್ಟರಲ್ಲೇ ಮಸುಕು. ಹಿನ್ನೆಲೆಯಲ್ಲಿ ಬಣ್ಣದ ಬೆಳಕಿನ ಗುಳ್ಳೆಗಳು. ಸುಂದರ ಚಿತ್ರ, ನನಗೂ ಇಷ್ಟ. ಆದರೆ ಆ ಗುಳ್ಳೆಗಳ ನಡುವೆ ಮಸುಕಾಗಿ ಕರಗಿಹೋದದ್ದು ಏನು ಎಂದು ಕೇಳಿ ನೋಡಿ. ಅದು ಗೋಡೆಯಲ್ಲ, ಮರವಲ್ಲ, ನೆಂಟರು. ಮದುವೆ ಎಂಬ ಸಾಮೂಹಿಕ ಘಟನೆಯಿಂದ ಸಮೂಹವನ್ನು ಅಳಿಸಿ ತೆಗೆಯುವ ತಂತ್ರ ಇದು. ಅದನ್ನು ನಾವು 'ಹಿನ್ನೆಲೆ ಕ್ಲೀನ್ ಆಗಿದೆ' ಎಂದು ಹೊಗಳುತ್ತೇವೆ.

ಇದು ಲೆನ್ಸಿನ ವಿಷಯ ಮಾತ್ರವಲ್ಲ, ಆಯ್ಕೆಯ ವಿಷಯ ಕೂಡ. ಸ್ಟೇಜ್ ಫೋಟೋದಲ್ಲಿ ಬಂದವರೆಲ್ಲ ಇರುತ್ತಾರೆ, ಏಕೆಂದರೆ ಬಂದದ್ದೇ ಅರ್ಹತೆ. ಕ್ಯಾಂಡಿಡ್‌ನಲ್ಲಿ ಇರಬೇಕಾದರೆ ಮುಖದಲ್ಲಿ ಏನಾದರೂ 'ಆಗುತ್ತಿರಬೇಕು'. ನಗಬೇಕು, ಅಳಬೇಕು, ಕುಣಿಯಬೇಕು. ಜೊತೆಗೆ ನೋಡಲು ಚೆನ್ನಾಗಿದ್ದರೆ ಇನ್ನೂ ಒಳ್ಳೆಯದು. ಸಾವಿರಾರು ಕ್ಲಿಕ್ಕುಗಳಲ್ಲಿ ಕೆಲವು ನೂರನ್ನು ಆರಿಸಿ, ಬಣ್ಣ ತಿದ್ದಿ ಕೊಡುತ್ತೇವೆ. ಆಯ್ಕೆಯಾಗುವವರು ಯಾರು? ವಧುವಿನ ಗೆಳತಿಯರು, ಚೂಟಿಯಾದ ಮಗು, ಬೊಚ್ಚುಬಾಯಿಯ ಫೋಟೋಜೆನಿಕ್ ಅಜ್ಜಿ. ಬಿಟ್ಟುಹೋಗುವವರು ಯಾರು? ಸುಮ್ಮನೆ ಕೂತ ಚಿಕ್ಕಪ್ಪ, ನಗದ ಅತ್ತಿಗೆ, ಸಾಧಾರಣ ಮುಖದ ಎಲ್ಲರೂ. ಯಾರೂ ಬೇಕೆಂದು ಅವರನ್ನು ಹೊರಗಿಟ್ಟಿಲ್ಲ. ಕ್ಯಾಂಡಿಡ್‌ನ ಸೌಂದರ್ಯಪ್ರಜ್ಞೆಯೇ ಅವರನ್ನು ಸದ್ದಿಲ್ಲದೆ ಹೊರಗಿಡುತ್ತದೆ.

'ಕ್ಯಾಂಡಿಡ್' ಎಂಬ ಪದದ ಹಿಂದೆ ಒಂದು ಚರಿತ್ರೆಯಿದೆ. 1920ರ ದಶಕದ ಕೊನೆಗೆ ಜರ್ಮನಿಯ ಎರಿಕ್ ಸಾಲೊಮನ್ ಎಂಬಾತ ಮಂದ ಬೆಳಕಿನಲ್ಲೂ ಚಿತ್ರ ತೆಗೆಯಬಲ್ಲ ಎರ್ಮನಾಕ್ಸ್ ಎಂಬ ಸಣ್ಣ ಕ್ಯಾಮೆರಾವನ್ನು ಬಚ್ಚಿಟ್ಟುಕೊಂಡು ನ್ಯಾಯಾಲಯಗಳಿಗೆ ನುಗ್ಗುತ್ತಿದ್ದ. ರಾಜತಾಂತ್ರಿಕರ ಸಭೆಗಳಲ್ಲಿ ಆಕಳಿಸುವ, ತೂಕಡಿಸುವ ದೊಡ್ಡವರನ್ನು ಸೆರೆಹಿಡಿಯುತ್ತಿದ್ದ. ಆ ಬಗೆಯ ಚಿತ್ರಗಳಿಗೆ ಇಂಗ್ಲೆಂಡಿನ ಪತ್ರಿಕೆಗಳು ಅಂಟಿಸಿದ ಹೆಸರು ಇದು. ಮುಂದೆ ಕಾರ್ಟಿಯೆ ಬ್ರೆಸನ್ 1952ರ ತನ್ನ ಪುಸ್ತಕದಲ್ಲಿ ಆ ಕ್ಷಣವನ್ನು ಹಿಡಿಯುವ ಕಲೆಗೆ ಒಂದು ತತ್ವವನ್ನೇ ಕೊಟ್ಟ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಬೀದಿ, ಹೊಲ, ಶಾಲೆಗಳಲ್ಲಿ ಸಾಮಾನ್ಯರ ದಿನವನ್ನು ಯಾವ ಆಡಂಬರವೂ ಇಲ್ಲದೆ ಹಿಡಿದರು. ಅವರ 'ಕಾಲಕ್ಕೆ ಕನ್ನಡಿ' ಓದಿದವರಿಗೆ ಆ ಸಹನೆಯ ಪರಿಚಯವಿದೆ. ಇವರೆಲ್ಲ ಅಧಿಕಾರದ ಮುಖವಾಡ ಸರಿಸಲೋ, ಯಾರೂ ನೋಡದವರನ್ನು ತೋರಿಸಲೋ ಕ್ಯಾಮೆರಾ ಹಿಡಿದವರು.

ಆದರೆ ಮದುವೆ ಮನೆಗೆ ಬಂದವರ ಸ್ಥಿತಿ ಬೇರೆ. ಅವರು ಬಂದಿರುವುದೇ ಕಾಣಿಸಿಕೊಳ್ಳಲು. ಬೀರುವಿನಲ್ಲಿ ನುಸಿಗುಳಿಗೆಯ ನಡುವೆ ವರ್ಷವಿಡೀ ಇದ್ದ ರೇಷ್ಮೆ ಸೀರೆ ಹೊರಬಂದಿದೆ. ಬ್ಯಾಂಕಿನ ಲಾಕರಿನಿಂದ ಸರ ಬಂದಿದೆ. ಹಾಗೆ ಸಿಂಗರಿಸಿಕೊಂಡು ಬಂದವಳನ್ನು ಅವಳು ಬಾಯಿ ಒರೆಸಿಕೊಳ್ಳುತ್ತಿರುವಾಗ ಹಿಡಿದು 'ಸಹಜವಾಗಿದೆ' ಎನ್ನುವುದಕ್ಕೆ ಏನರ್ಥ? ಅವಳು ಹೇಗೆ ನೆನಪಿನಲ್ಲಿ ಉಳಿಯಬೇಕೆಂದು ತಾನೇ ತೀರ್ಮಾನಿಸಿ ಬಂದಿದ್ದಳು. ಸ್ಟೇಜ್ ಫೋಟೋ ಆ ತೀರ್ಮಾನಕ್ಕೆ ಬೆಲೆ ಕೊಡುತ್ತದೆ. ಕ್ಯಾಂಡಿಡ್ ಅವಳಿಗಿಂತ ತನಗೇ ಹೆಚ್ಚು ಗೊತ್ತು ಎನ್ನುತ್ತದೆ.

ಈ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರಿದ್ದಾರೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಮತ್ತು ಸಂಗಡಿಗರು ಛಾಯಾಚಿತ್ರಣದ ಬಗ್ಗೆ 1965ರಲ್ಲಿ ಒಂದು ಪುಸ್ತಕ ತಂದರು. ತಾನು ಹುಟ್ಟಿ ಬೆಳೆದ ಬೇಯಾರ್ನ್ ಪ್ರಾಂತದ ರೈತರು ಮದುವೆ ಫೋಟೋದಲ್ಲಿ ಯಾಕೆ ನೆಟ್ಟಗೆ, ಎದುರು ಮುಖ ಮಾಡಿ, ಬಿಗಿಯಾಗಿ ನಿಲ್ಲುತ್ತಾರೆ ಎಂದು ಅವರು ಕೇಳಿಕೊಂಡರು. ಪೇಟೆಯವರಿಗೆ ಅದು ಹಳ್ಳಿಗರ ಪೆದ್ದುತನದಂತೆ ಕಂಡಿತ್ತು. ಬೋರ್ದ್ಯೂಗೆ ಅದರಲ್ಲಿ ಕಂಡದ್ದು ಮರ್ಯಾದೆ. ಗೌರವಿಸುವ ವ್ಯಕ್ತಿಯ ಮುಂದೆ ಹೇಗೆ ನಿಲ್ಲುತ್ತೇವೋ ಹಾಗೆ ಕ್ಯಾಮೆರಾದ ಮುಂದೆ ನಿಲ್ಲುವುದು, ಹಾಗೆ ನಿಂತು ತನಗೂ ಅದೇ ಗೌರವ ಕೇಳುವುದು. ಕ್ರಿಸ್ಟೋಫರ್ ಪಿನ್ನಿ ಮಧ್ಯಪ್ರದೇಶದ ನಾಗ್ದಾ ಎಂಬ ಕಾರ್ಖಾನೆಯ ಊರಿನ ಸ್ಟುಡಿಯೋಗಳನ್ನು ನೋಡಿ 1997ರಲ್ಲಿ ಬರೆದ 'ಕ್ಯಾಮೆರಾ ಇಂಡಿಕಾ'ದಲ್ಲಿ ನಮ್ಮ ಕಡೆಯ ಜನರ ಇದೇ ಬಯಕೆಯನ್ನು ಗಂಭೀರವಾಗಿ ತೆಗೆದುಕೊಂಡ. ಪೂರ್ತಿ ಮುಖ ಕಾಣಬೇಕು, ಎರಡೂ ಕಣ್ಣು ಕಾಣಬೇಕು ಎನ್ನುವುದು ನಮ್ಮಲ್ಲಿ ಬರೀ ಅಭ್ಯಾಸವಲ್ಲ. ದೇವರ ಮುಂದೆ ನಿಂತಾಗಲೂ ನಾವು ಓರೆಯಾಗಿ ನಿಲ್ಲುವುದಿಲ್ಲ.

ಈ ವಾದಕ್ಕೆ ಪುಸ್ತಕಕ್ಕಿಂತ ಬಲವಾದ ಸಾಕ್ಷಿ ನನ್ನ ಫೋನಿನಲ್ಲಿದೆ. ಮದುವೆ ಮುಗಿದು ಮೂರು ವರ್ಷ, ಐದು ವರ್ಷ ಕಳೆದ ಮೇಲೆ ಹಳೆಯ ಗಿರಾಕಿಗಳು ಕರೆ ಮಾಡುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ.

ಒಂದು, ಕಾಗದಪತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿವಾಹ ನೋಂದಣಿಗೆ ಲಗ್ನಪತ್ರಿಕೆಯ ಜೊತೆ ಮದುವೆಯ ಫೋಟೋ ಕೇಳುತ್ತಾರೆ. ಇನ್ನು ನಮ್ಮ ಮಾರತ್ತಹಳ್ಳಿಯ ವಿಶೇಷವೆಂದರೆ ವೀಸಾ. ಗಂಡನಿಗೆ ಅಮೆರಿಕದ ಎಚ್-1ಬಿ ಆಯಿತು, ಹೆಂಡತಿ ಎಚ್-4 ಸಂದರ್ಶನಕ್ಕೆ ಹೋಗಬೇಕು, ಮದುವೆಯ ಫೋಟೋ ಒಯ್ಯಬೇಕು. ಆಗ ಯಾರೂ ಸಂಜೆಗೆಂಪಿನಲ್ಲಿ ಬೆನ್ನು ತಿರುಗಿಸಿ ನಿಂತ ಚಿತ್ರ ಕೇಳುವುದಿಲ್ಲ. 'ಎರಡೂ ಕಡೆ ಅಪ್ಪ ಅಮ್ಮ ಇರೋದು, ಎಲ್ಲರ ಮುಖ ಕಾಣೋದು ಕಳಿಸಿ' ಎನ್ನುತ್ತಾರೆ. ಮದುವೆ ನಿಜ ಎಂದು ಸಾಬೀತು ಮಾಡುವ ಹೊತ್ತಿಗೆ ಬೇಕಾಗುವುದು ಸಮೂಹ. ಪರದೇಶದ ಅಧಿಕಾರಿಗೂ ಅದು ಗೊತ್ತು.

ಎರಡನೆಯ ಕಾರಣ ಸಾವು. 'ತಾತ ಹೋಗ್ಬಿಟ್ರು. ನಮ್ಮ ಮದುವೇಲಿ ಅವರದ್ದೊಂದು ಒಳ್ಳೆ ಫೋಟೋ ಇರಬೇಕಲ್ವಾ?' ಈ ಕರೆ ಬಂದಾಗ ನಾನು ಹಾರ್ಡ್‌ಡಿಸ್ಕ್ ತೆರೆದು ಮೊದಲು ಹೋಗುವುದು ಸ್ಟೇಜ್ ಫೋಲ್ಡರಿಗೆ. ಅಲ್ಲಿ ಅವರು ಇದ್ದೇ ಇರುತ್ತಾರೆ. ಬಿಳಿ ಪಂಚೆ, ಜರಿ ಶಲ್ಯ, ಮೊಮ್ಮಗಳ ಪಕ್ಕ, ನೇರ ನೋಟ. ಸುತ್ತಲಿನವರನ್ನು ಕತ್ತರಿಸಿ, ಹಿನ್ನೆಲೆಗೆ ತಿಳಿನೀಲಿ ತುಂಬಿ, ಹನ್ನೆರಡು-ಹದಿನಾರು ಅಳತೆಗೆ ಪ್ರಿಂಟ್ ಹಾಕಿಸಿ ಕೊಡುತ್ತೇವೆ. ಸಂಜೆಯ ಹೊತ್ತಿಗೆ ಅದಕ್ಕೆ ಗಂಧದ ಹಾರ ಬಿದ್ದಿರುತ್ತದೆ. ತುಂಬಾ ಜನರಿಗೆ ಮೊಮ್ಮಕ್ಕಳ ಮದುವೆಯಲ್ಲಿ ತೆಗೆಸಿಕೊಂಡದ್ದೇ ಕೊನೆಯ ಒಳ್ಳೆಯ ಫೋಟೋ. 'ಸಾರ್, ಇಲ್ಲಿ ನೋಡಿ' ಎಂದು ನಾನು ಅವಸರದಲ್ಲಿ ಕೂಗಿದಾಗ ಅವರು ನೋಡಿದ ನೋಟವೇ ಗೋಡೆಯ ಮೇಲೆ ಉಳಿಯುತ್ತದೆ. ಕ್ಯಾಂಡಿಡ್ ಫೋಲ್ಡರಿನಲ್ಲಿ ಆ ತಾತ ಸಿಕ್ಕರೆ ಮಸುಕಾಗಿ, ಯಾರದೋ ಭುಜದ ಹಿಂದೆ ಅರ್ಧ ಕಿವಿಯಾಗಿ ಸಿಗುತ್ತಾರೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮದುವೆಗೆ ಐವತ್ತೇ ಜನ ಎಂಬ ನಿಯಮ ಬಂತಲ್ಲ, ಆಗಿನ ಆಲ್ಬಮ್ಮುಗಳಲ್ಲಿ ತಾತ ಅಜ್ಜಿಯರೇ ಇಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲಿ ಅಕ್ಷತೆ ಹಾಕಿದ ಅವರಲ್ಲಿ ಕೆಲವರಿಗೆ ಗೋಡೆಗೆ ಹಾಕಲು ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಕೊಡಬೇಕಾಯಿತು.

ಇಷ್ಟು ಹೇಳಿ ಸ್ಟೇಜ್ ಫೋಟೋವನ್ನು ಪ್ರಜಾಪ್ರಭುತ್ವದ ಪಟ ಎಂದು ಹೊಗಳಿ ಮುಗಿಸಿದರೆ ವಿಮರ್ಶೆಯಾಗುವುದಿಲ್ಲ. ವೇದಿಕೆ ಯಾರನ್ನು ಕರೆಯುತ್ತದೆ, ಯಾರನ್ನು ಕರೆಯುವುದಿಲ್ಲ ಎಂದು ಕೂಡ ನೋಡಬೇಕು. ಅಡುಗೆಯವರನ್ನು ಕರೆಯುವುದಿಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ನಾದಸ್ವರ ನುಡಿಸಿದವರನ್ನು ಕರೆಯುವುದಿಲ್ಲ. ಎಲೆ ಎತ್ತಿದವರನ್ನಂತೂ ಇಲ್ಲವೇ ಇಲ್ಲ. ವಧುವನ್ನು ನಾಲ್ಕು ಗಂಟೆ ನಿಲ್ಲಿಸಿ, ಊಟಕ್ಕೂ ಬಿಡದೆ, ಗುರುತೇ ಇಲ್ಲದವರ ಜೊತೆ ನಗಿಸುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ಇನ್ನೊಂದು. ಗಂಡನನ್ನು ಕಳೆದುಕೊಂಡ ತಾಯಿ. ಮಗಳನ್ನು ಓದಿಸಿ, ಸಾಲ ಮಾಡಿ, ಮಂಟಪ ಹಿಡಿದು, ಎಲ್ಲ ಮಾಡಿದವಳು ಅವಳು. ಧಾರೆ ಎರೆಯುವ ಹೊತ್ತಿಗೆ ಚಿಕ್ಕಪ್ಪ ಚಿಕ್ಕಮ್ಮ ಕೂರುತ್ತಾರೆ. ಅವಳು ಹಿಂದೆ ಸರಿಯುತ್ತಾಳೆ. ಯಾರೂ ಸರಿ ಎಂದು ಹೇಳಿರುವುದಿಲ್ಲ, ಅವಳೇ ಸರಿಯುತ್ತಾಳೆ. ಅದೂ ಒಂದು ವ್ಯವಸ್ಥೆಯೇ.

ಕ್ಯಾಂಡಿಡ್‌ನ ನಿಜವಾದ ಸಾಮರ್ಥ್ಯ ನಾನು ಕಂಡದ್ದು ಇಂಥ ಕಡೆ. ವೈಟ್‌ಫೀಲ್ಡ್ ಕಡೆಯ ಒಂದು ಮಂಟಪದಲ್ಲಿ ಅಂತರಪಟ ಸರಿದು, ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುವಾಗ ಎಲ್ಲ ಕ್ಯಾಮೆರಾಗಳೂ ವೇದಿಕೆಯ ಕಡೆಗಿದ್ದವು. ನನ್ನ ಜೊತೆಗಿದ್ದ ಹುಡುಗನೊಬ್ಬ ತಿರುಗಿ ನೋಡಿದ. ಕಂಬದ ಪಕ್ಕ ವಧುವಿನ ತಾಯಿ ತುದಿಗಾಲಲ್ಲಿ ನಿಂತು, ಮುಂದಿನವರ ತಲೆಗಳ ನಡುವೆ ಸಂದಿ ಹುಡುಕಿ ಮಗಳನ್ನು ನೋಡುತ್ತಿದ್ದಳು. ಒಂದು ಕೈಯಲ್ಲಿ ಅಕ್ಷತೆ ಬಿಗಿಹಿಡಿದಿತ್ತು. ಅವನು ಒಂದೇ ಚಿತ್ರ ತೆಗೆದ. ಆಲ್ಬಮ್ಮಿನ ಕರಡು ತೋರಿಸಿದಾಗ ಹಿರಿಯರೊಬ್ಬರು 'ಇದು ಬೇಡ' ಎಂದರು. ವಧು 'ಇದು ಎರಡು ಪುಟಕ್ಕೂ ಸೇರಿ ದೊಡ್ಡದಾಗಿ ಬರಲಿ' ಎಂದಳು. ಹಾಗೆಯೇ ಬಂತು. ವೇದಿಕೆ ಕರೆಯದವಳನ್ನು ಆ ಚಿತ್ರ ಕರೆಯಿತು. ಸಾಲೊಮನ್‌ನಿಂದ ಸತ್ಯನ್‌ವರೆಗಿನ ಪರಂಪರೆ ಮದುವೆ ಮನೆಯಲ್ಲಿ ಮಾಡಬೇಕಾದ ಕೆಲಸ ಇದು. ನಾವು ಆ ಕೆಲಸವನ್ನು ಬಿಟ್ಟು, ಅದರ ಹೆಸರನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಈಗ ಕ್ಯಾಂಡಿಡ್ ಎಂದರೆ 'ಮೇಡಂ, ಅವರನ್ನ ನೋಡಿ ನಕ್ಕ ಹಾಗೆ ಮಾಡಿ, ಕ್ಯಾಮೆರಾ ನೋಡ್ಬೇಡಿ'. ಇದೂ ಪೋಸೇ. ಸ್ಟೇಜ್ ಫೋಟೋ ತಾನು ಪೋಸ್ ಎಂದು ಒಪ್ಪಿಕೊಳ್ಳುತ್ತದೆ, ಇದು ಒಪ್ಪುವುದಿಲ್ಲ. ಪ್ರಿ-ವೆಡ್ಡಿಂಗ್ ಶೂಟ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಂದಿಬೆಟ್ಟದ ಮಂಜಿನಲ್ಲಿ ಬಾಡಿಗೆ ಗೌನು ತೊಟ್ಟು ಓಡುವುದು ಕಟ್ಟುಕತೆ ಎಂದು ಓಡುವವರಿಗೂ ಗೊತ್ತು, ಅದರಿಂದ ಯಾರಿಗೂ ಮೋಸವಿಲ್ಲ.

ಮೋಸವಿರುವುದು ಮುಹೂರ್ತದಲ್ಲಿ. ಗಟ್ಟಿಮೇಳ ಎಂದ ಕೂಡಲೇ ಸಭೆಯೆಲ್ಲ ಎದ್ದು ಅಕ್ಷತೆ ಹಾಕುವುದಕ್ಕೆ ಒಂದು ಅರ್ಥವಿದೆ: ನಾವು ನೋಡಿದೆವು, ನಾವು ಸಾಕ್ಷಿ. ಈಗ ಆ ಗಳಿಗೆಯಲ್ಲಿ ವಧೂವರರಿಗೂ ಸಭೆಗೂ ನಡುವೆ ನಮ್ಮ ಬೆನ್ನುಗಳ ಗೋಡೆ ಏಳುತ್ತದೆ. ಟ್ರೆಡಿಷನಲ್ ಇಬ್ಬರು, ಕ್ಯಾಂಡಿಡ್ ಇಬ್ಬರು, ವಿಡಿಯೋದವರು, ಗಿಂಬಲ್ ಹಿಡಿದವನು, ತಲೆಯ ಮೇಲೆ ಕ್ರೇನು. ಜನ ಎಸೆದ ಅಕ್ಷತೆ ನಮ್ಮ ಕಾಲರಿನೊಳಗೆ ಬೀಳುತ್ತದೆ. ಸಭೆ ಪಕ್ಕದ ಎಲ್‌ಇಡಿ ಪರದೆಯಲ್ಲಿ ಮಾಂಗಲ್ಯಧಾರಣೆ ನೋಡುತ್ತದೆ. ಸರಿಯಾಗಿ ಸಿಗಲಿಲ್ಲವೆಂದರೆ 'ಸ್ವಾಮಿ, ಇನ್ನೊಂದ್ಸಲ ಹಾಗೇ ಕೈ ಹಿಡೀಲಿ' ಎಂದು ಪುರೋಹಿತರಿಗೆ ಹೇಳುತ್ತೇವೆ, ಅವರೂ ಒಪ್ಪುತ್ತಾರೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆಗೆ ಕುವೆಂಪು ಮಂತ್ರಮಾಂಗಲ್ಯದ ದಾರಿ ತೋರಿದಾಗ ಅವರು ಕಿತ್ತುಹಾಕಿದ್ದು ಆಡಂಬರವನ್ನು, ಪೌರೋಹಿತ್ಯವನ್ನು. ಉಳಿಸಿಕೊಂಡದ್ದು ಸಾಕ್ಷಿಯಾಗಿ ನಿಂತ ಜನರನ್ನು ಮತ್ತು ಅವರೆದುರು ಆಡಿದ ಮಾತನ್ನು. ತೇಜಸ್ವಿ ಸ್ವತಃ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಗಂಟೆಗಟ್ಟಲೆ ಅಡಗಿ ಕಾದವರು. ಹಕ್ಕಿ ಹೆದರದಂತೆ ದೂರವಿರುವುದೇ ಆ ಛಾಯಾಗ್ರಹಣದ ಮೊದಲ ಪಾಠ. ಮದುವೆ ಮನೆಯ ನಮಗೆ ಆ ದೂರ ಮರೆತುಹೋಗಿದೆ. ಪೌರೋಹಿತ್ಯ ಬಿಟ್ಟವರ ಮದುವೆಯಲ್ಲೂ ಈಗ ಹೊಸ ಪುರೋಹಿತನೊಬ್ಬ ಇದ್ದಾನೆ, ಅವನ ಕೊರಳಲ್ಲಿ ಕ್ಯಾಮೆರಾ ಇದೆ.

ಹಾಗಾದರೆ ಒಳ್ಳೆಯ ಆಲ್ಬಮ್ ಎಂದರೆ ಯಾವುದು? ವಿಮರ್ಶಕನಾಗಿ ನಾನು ಮೂರು ಪ್ರಶ್ನೆ ಕೇಳುತ್ತೇನೆ, ಓದುಗರು ತಮ್ಮ ಮನೆಯ ಆಲ್ಬಮ್ಮಿಗೂ ಕೇಳಬಹುದು. ಬಂದವರೆಲ್ಲ ಇದ್ದಾರೆಯೇ? ಮುಖ ತಮ್ಮದೇ ಬಣ್ಣದಲ್ಲಿದೆಯೇ, ಅಥವಾ ಇಡೀ ಕುಟುಂಬವನ್ನೇ ಕಂಪ್ಯೂಟರಿನಲ್ಲಿ ಎರಡು ಛಾಯೆ ಬೆಳ್ಳಗೆ ಮಾಡಲಾಗಿದೆಯೇ? ವೇದಿಕೆ ಕರೆಯದವರಲ್ಲಿ ಒಬ್ಬರಾದರೂ ಎಲ್ಲಾದರೂ ಸಿಗುತ್ತಾರೆಯೇ? ಮೊದಲ ಪ್ರಶ್ನೆಗೆ ಉತ್ತರ ಕೊಡಬಲ್ಲದ್ದು ಸ್ಟೇಜ್ ಫೋಟೋ, ಮೂರನೆಯದಕ್ಕೆ ಕ್ಯಾಂಡಿಡ್. ಎರಡನೆಯದಕ್ಕೆ ನಾವು ಎರಡೂ ಜಾತಿಯವರು ಒಟ್ಟಾಗಿ ಉತ್ತರಿಸಬೇಕು.

ನನ್ನ ಕೊಟೇಶನ್ನಿನಲ್ಲಿ ಈಗ ಎರಡೂ ಸಾಲುಗಳ ದರ ಒಂದೇ. ಕೆಲವರು ಚೌಕಾಸಿ ಮಾಡುತ್ತಾರೆ, 'ಸ್ಟೇಜ್ ಫೋಟೋಕ್ಕೆ ಯಾಕಿಷ್ಟು?' ಎನ್ನುತ್ತಾರೆ. ಅದು ಈಗ ನೋಡುವುದಕ್ಕಲ್ಲ, ಇಪ್ಪತ್ತು ವರ್ಷದ ಮೇಲೆ ಬೇಕಾಗುತ್ತದೆ ಎನ್ನುತ್ತೇನೆ. ಊಟ ಮುಗಿದ ಮೇಲೆ ಅಡುಗೆಯವರನ್ನೂ ವಾದ್ಯದವರನ್ನೂ ವೇದಿಕೆಗೆ ಕರೆಸಿ ಅದೇ ಲೈಟಿನಲ್ಲಿ ಒಂದು ಫೋಟೋ ತೆಗೆಯುತ್ತೇನೆ, ಅದಕ್ಕೆ ದುಡ್ಡು ಹಾಕುವುದಿಲ್ಲ. ಇನ್ನೊಂದು ಕೆಲಸ ಮಾತ್ರ ನನ್ನಿಂದಾಗದು, ಅದನ್ನು ಮನೆಯವರೇ ಮಾಡಬೇಕು. ಆಲ್ಬಮ್ ಕೈಗೆ ಬಂದ ವಾರದಲ್ಲೇ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ಸ್ಟೇಜ್ ಫೋಟೋದಲ್ಲಿ ಯಾರ್‍ಯಾರು ಎಡದಿಂದ ಬಲಕ್ಕೆ ನಿಂತಿದ್ದಾರೆ ಎಂದು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಖವನ್ನು ನಾವು ಉಳಿಸಿಕೊಡಬಲ್ಲೆವು. ಹೆಸರು ಗೊತ್ತಿರುವುದು ಅವರೊಬ್ಬರಿಗೇ.